ಪಾಮರ್ ನೆಟ್ಟ ಗೂಟಗಳ ಜಾಡಿನಲ್ಲಿ: ಕೊಲರಾಡೊ ಸ್ಪ್ರಿಂಗ್ಸ್‌ನಿಂದ ಡುರಾಂಗೊವರೆಗೆ

ಶುಕ್ರವಾರ: ಡೆನ್ವರ್‌ನಿಂದ ಕೊಲರಾಡೊ ಸ್ಪ್ರಿಂಗ್ಸ್

ಸೆಪ್ಟೆಂಬರ್ ಕೊನೆಯ ವಾರ. ಡೆನ್ವರ್‌ನ ಅಕ್ಕನ ಮನೆಗೆ ಹೋದ ದಿನದಿಂದ ಭಾವ ಒಂದೇ ಹೆಸರು ಹೇಳುತ್ತಿದ್ದರು, ಜನರಲ್ ಪಾಮರ್. ಅವರಿಗೆ ರೈಲು ಅಂದರೆ ಪ್ರಾಣ. "ಊರಿದ್ದ ಕಡೆ ರೈಲು ಬರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ ಅಲ್ವಾ? ಇಲ್ಲಿ ರೈಲು ನಿಂತ ಕಡೆ ಊರು ಹುಟ್ಟಿದೆ. ಬಾ, ತೋರಿಸ್ತೀನಿ" ಅಂದರು. ಅಕ್ಕ ಚಪಾತಿ, ಪುಳಿಯೋಗರೆ ಗೊಜ್ಜು, ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಂಡಳು. ಅವರ ಮಗಳು ಮ್ಯಾಪ್ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ಕಾರು ದಕ್ಷಿಣಕ್ಕೆ ಹೊರಟಿತು.

ಹೆದ್ದಾರಿಯಲ್ಲಿ ಸುಮಾರು 110 ಕಿಲೋಮೀಟರ್. ಎಡಕ್ಕೆ ಒಣ ಹುಲ್ಲಿನ ಬಯಲು, ಬಲಕ್ಕೆ ರಾಕಿ ಬೆಟ್ಟಗಳ ಸಾಲು. ನಡುವೆ ಒಂದು ದೊಡ್ಡ ದಿಣ್ಣೆ ಹತ್ತಬೇಕು. ಅದರ ಮೇಲಿನ ಪಾಮರ್ ಲೇಕ್ ಎಂಬ ಪುಟ್ಟ ಊರಲ್ಲಿ ಹಬೆ ಎಂಜಿನ್‌ಗಳು ನಿಂತು ನೀರು ತುಂಬಿಕೊಳ್ಳುತ್ತಿದ್ದವು. ನಾವೂ ನಿಂತು ಕಾಫಿ ಕುಡಿದೆವು. ಗಾಳಿ ಆಗಲೇ ಚಳಿ ಹಿಡಿಸುವಂತಿತ್ತು. ಕಾಫಿ ಆರುವಷ್ಟರಲ್ಲಿ ಭಾವ ಕಥೆ ಶುರು ಮಾಡಿದರು.

ವಿಲಿಯಂ ಜಾಕ್ಸನ್ ಪಾಮರ್ ಹುಟ್ಟಿದ್ದು 1836ರಲ್ಲಿ, ಡೆಲವೇರ್‌ನ ಕ್ವೇಕರ್ ಕುಟುಂಬದಲ್ಲಿ. ಹರೆಯದಲ್ಲೇ ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷರಿಗೆ ಕಾರ್ಯದರ್ಶಿಯಾದ. ಯುದ್ಧ ಬೇಡ ಅನ್ನುವ ಪಂಥದವನಾದರೂ ಗುಲಾಮಗಿರಿ ಹೋಗಲೇಬೇಕೆಂದು ಅಂತರ್ಯುದ್ಧಕ್ಕೆ ಇಳಿದ. ಗೂಢಚಾರನಾಗಿ ಶತ್ರುಗಳ ಕೈಗೆ ಸಿಕ್ಕಿ ರಿಚ್ಮಂಡ್‌ನ ಜೈಲಿನಲ್ಲಿ ತಿಂಗಳುಗಟ್ಟಲೆ ಕೊಳೆತ. ಯುದ್ಧ ಮುಗಿಯುವಾಗ ಜನರಲ್. ಆಮೇಲೆ ಕ್ಯಾನ್ಸಸ್ ಪೆಸಿಫಿಕ್ ರೈಲ್ವೆಗಾಗಿ ಪಶ್ಚಿಮದ ಸರ್ವೆ ಮಾಡಿದ, ಅದರ ಹಳಿಯನ್ನು 1870ರಲ್ಲಿ ಡೆನ್ವರ್ ಮುಟ್ಟಿಸಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ ತನ್ನದೇ ಕಂಪನಿ, ಡೆನ್ವರ್ ಅಂಡ್ ರಿಯೋ ಗ್ರಾಂಡೆ. ಎಲ್ಲರ ಹಳಿಯೂ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿದ್ದ ಕಾಲದಲ್ಲಿ ಇವನು ಉತ್ತರದಿಂದ ದಕ್ಷಿಣಕ್ಕೆ, ಮೆಕ್ಸಿಕೊವರೆಗೂ ಹಳಿ ಹಾಕುವ ಕನಸು ಕಂಡ. ಹಳಿಯ ಅಗಲ ಬರೀ 3 ಅಡಿ. ನಮ್ಮ ಹಳೆಯ ಮೀಟರ್ ಗೇಜ್‌ಗಿಂತಲೂ ಚೂರು ಕಿರಿದು. ಬೆಟ್ಟದಲ್ಲಿ ಬಿಗಿಯಾಗಿ ತಿರುಗುತ್ತದೆ, ಖರ್ಚೂ ಕಮ್ಮಿ.

ಮಧ್ಯಾಹ್ನಕ್ಕೆ ಕೊಲರಾಡೊ ಸ್ಪ್ರಿಂಗ್ಸ್ ತಲುಪಿದೆವು. ಪೈಕ್ಸ್ ಪೀಕ್ ರಸ್ತೆ ಮತ್ತು ಕ್ಯಾಸ್ಕೇಡ್ ರಸ್ತೆ ಸೇರುವ ಮೂಲೆಗೆ ಭಾವ ನೇರ ಕರೆದುಕೊಂಡು ಹೋದರು. 1871ರ ಜುಲೈ 31ರಂದು ಊರಿನ ಮೊದಲ ಗೂಟ ಹೊಡೆದದ್ದು ಇಲ್ಲಿ. ಆಗ ಇಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಮರವೂ ಇಲ್ಲ. ಎರಡು ವರ್ಷ ಮೊದಲು ಪಾಮರ್ ಕುದುರೆ ಗಾಡಿಯಲ್ಲಿ ಈ ದಾರಿ ಹಾದಾಗ ಜಾಗಕ್ಕೆ ಮನಸೋತಿದ್ದ. ಊರಿಗೆ ಗೆರೆ ಎಳೆದ ಮೂರು ತಿಂಗಳಿಗೆ ರೈಲು ಬಂತು. ಬೀದಿಗಳ ಅಗಲ 100 ಅಡಿ, ದೊಡ್ಡ ರಸ್ತೆಗಳು 140 ಅಡಿ. ಕಾಲುವೆ ತೋಡಿ ನೀರು ತಂದು ಸಾವಿರಾರು ಕಾಟನ್‌ವುಡ್ ಗಿಡ ನೆಡಿಸಿದ. ನಡು ಮಧ್ಯಾಹ್ನ ಆ ರಸ್ತೆಗಳ ನೆರಳಲ್ಲಿ ನಡೆದಾಗ ನನಗೆ ಆತನ ಬಗ್ಗೆ ನಿಜಕ್ಕೂ ಗೌರವ ಹುಟ್ಟಿತು. ಊರು ಕಟ್ಟುವ ವ್ಯಾಪಾರಿ ಮೊದಲು ಸೈಟು ಅಳೆಯುತ್ತಾನೆ. ಈತ ಗಿಡಕ್ಕೂ ಜಾಗ ಬಿಟ್ಟು ಅಳೆದಿದ್ದ.

ಹಳೆಯ ಕೋರ್ಟ್ ಕಟ್ಟಡದಲ್ಲಿ ಪಯೊನಿಯರ್ಸ್ ಮ್ಯೂಸಿಯಂ ಇದೆ. ಟಿಕೆಟ್ ಇಲ್ಲ, ಆದರೆ ಎರಡು ಗಂಟೆ ಇಟ್ಟುಕೊಂಡು ಹೋಗಿ. ಅಲ್ಲಿದ್ದ ಬಿಳಿ ಕೂದಲಿನ ಸ್ವಯಂಸೇವಕಿಯೊಬ್ಬರು ನಮ್ಮ ಹುಡುಗಿಗೆ ಮದ್ಯದ ಕಥೆ ಹೇಳಿದರು. ಪಾಮರ್ ಕಂಪನಿ ಮಾರಿದ ಪ್ರತಿ ಸೈಟಿನ ಪತ್ರದಲ್ಲೂ ಒಂದು ಷರತ್ತು ಇತ್ತಂತೆ. ಇಲ್ಲಿ ಹೆಂಡ ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಮಾರಿದರೆ ಜಮೀನು ಕಂಪನಿಗೆ ವಾಪಸ್. ಒಬ್ಬ ಮಾರಿದ. ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 1879ರಲ್ಲಿ ಕಂಪನಿ ಗೆದ್ದಿತು. "ಹಾಗಾದ್ರೆ ಕುಡಿಯೋರು ಏನು ಮಾಡ್ತಿದ್ರು?" ಅಂತ ಭಾವ ಕೇಳಿದರು. ಆಕೆ ಪಶ್ಚಿಮಕ್ಕೆ ಬೆರಳು ತೋರಿಸಿದರು. "ಪಕ್ಕದ ಊರಿಗೆ ನಡೆದು ಹೋಗ್ತಿದ್ರು."

ಆ ಪಕ್ಕದ ಊರು ಕೊಲರಾಡೊ ಸಿಟಿ. 1859ರಲ್ಲೇ ಹುಟ್ಟಿದ್ದು. 1862ರಲ್ಲಿ ಕೆಲವು ದಿನ ಇಡೀ ಪ್ರಾಂತ್ಯದ ರಾಜಧಾನಿಯೂ ಆಗಿತ್ತು. ರೈಲು ತಮ್ಮಲ್ಲಿಗೇ ಬರುತ್ತದೆ ಅಂತ ಅಲ್ಲಿನವರು ಕಾದಿದ್ದರು. ಪಾಮರ್ ಅದನ್ನು ಬಿಟ್ಟು ಪಕ್ಕದ ಬಯಲಲ್ಲಿ ಗೂಟ ಹೊಡೆದ. ಎರಡೇ ವರ್ಷಕ್ಕೆ ಜಿಲ್ಲಾ ಕೇಂದ್ರದ ಪಟ್ಟವೂ ಹೊಸ ಊರಿಗೆ ಹೋಯಿತು. 1917ರಲ್ಲಿ ಹಳೆಯ ಊರೇ ಹೊಸದರೊಳಗೆ ಸೇರಿಹೋಯಿತು. ಸಂಜೆ ಅಲ್ಲೇ ಊಟ ಮಾಡಿದೆವು. ಇಟ್ಟಿಗೆ ಕಟ್ಟಡಗಳು, ಸಣ್ಣ ಅಂಗಡಿಗಳು, ತುಂಬ ಚೆಂದದ ಬೀದಿ. ಈಗ ಅದು ಬರೀ ಒಂದು ಬಡಾವಣೆ.

ಶನಿವಾರ: ಗ್ಲೆನ್ ಐರಿ, ಮ್ಯಾನಿಟು

ಬೆಳಿಗ್ಗೆ ಗಾರ್ಡನ್ ಆಫ್ ದಿ ಗಾಡ್ಸ್. ನೆಲದಿಂದ ನೆಟ್ಟಗೆ ಎದ್ದ ಕೆಂಪು ಮರಳುಗಲ್ಲಿನ ಬಂಡೆಗಳು, ಹಿಂದೆ ಮಂಜು ಹಿಡಿದ ಪೈಕ್ಸ್ ಪೀಕ್. ಪ್ರವೇಶ ಉಚಿತ. ಬೆಳಗ್ಗೆ ಎಂಟರೊಳಗೆ ಹೋಗದಿದ್ದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಇದನ್ನು ಕೊಳ್ಳುವಂತೆ ಪಾಮರ್ ತನ್ನ ಗೆಳೆಯ ಚಾರ್ಲ್ಸ್ ಪರ್ಕಿನ್ಸ್‌ಗೆ ಹೇಳಿದ್ದ. ಆತನೂ ರೈಲ್ವೆಯವನೇ. 1879ರಲ್ಲಿ ಕೊಂಡ, ಮನೆ ಮಾತ್ರ ಕಟ್ಟಲಿಲ್ಲ. 1909ರಲ್ಲಿ ಅವನ ಮಕ್ಕಳು ಊರಿಗೆ ಬಿಟ್ಟುಕೊಟ್ಟರು, ಎಂದೆಂದಿಗೂ ಜನರಿಗೆ ಉಚಿತವಾಗಿರಬೇಕು ಎಂಬ ಷರತ್ತು ಹಾಕಿ.

ಪಕ್ಕದ ಕಣಿವೆಯಲ್ಲೇ ಪಾಮರ್ ಮನೆ, ಗ್ಲೆನ್ ಐರಿ. ಈಗ ಒಂದು ಕ್ರೈಸ್ತ ಸಂಸ್ಥೆಯ ಕೈಯಲ್ಲಿದೆ. ಒಳಗೆ ನೋಡಬೇಕಾದರೆ ಮೊದಲೇ ಹೇಳಿಟ್ಟು ಹೋಗಬೇಕು. ಗೇಟು ದಾಟಿದ್ದೇ ಕಾರು ನಿಂತುಬಿಟ್ಟಿತು. ಎದುರಿನ ಹುಲ್ಲಿನ ಮೇಲೆ ಸುರುಳಿ ಕೊಂಬಿನ ಕಾಡುಕುರಿಗಳ ಹಿಂಡು. ಒಂದು ದೊಡ್ಡ ಟಗರು ರಸ್ತೆ ನಡುವೆ ಬಂದು ನಿಂತಿತು. ಮೂಗಿನ ಹೊಳ್ಳೆಯಿಂದ ಹಬೆ ಏಳುತ್ತಿತ್ತು. ಎಡಗೊಂಬಿನ ತುದಿ ಸೀಳಿ ಚಕ್ಕೆ ಎದ್ದಿತ್ತು. ನಮ್ಮನ್ನು ಒಂದು ಸಲ ನೋಡಿ, ಅವಸರವಿಲ್ಲದೆ ಆಚೆ ದಾಟಿತು. "ಮಾಮ, ಹಾರ್ನ್ ಮಾಡ್ಬೇಡಿ ಅಂತ ಅಪ್ಪಂಗೆ ಹೇಳಿ" ಅಂತ ಹುಡುಗಿ ಪಿಸುಗುಟ್ಟಿದಳು.

ಈಗ ಕಾಣುವ ಕಲ್ಲಿನ ಅರಮನೆ 1900ರ ನಂತರ ಎದ್ದದ್ದು. ಮೊದಲಿನ ಮನೆ ಕಟ್ಟಿಸಿದ್ದು ಹೆಂಡತಿಗಾಗಿ. ಮೇರಿ ಮೆಲ್ಲನ್, ಎಲ್ಲರ ಬಾಯಲ್ಲೂ ಕ್ವೀನ್. 1871ರ ನವೆಂಬರ್‌ನಲ್ಲಿ, ಊರಿಗೆ ಕೆಲವು ತಿಂಗಳಾಗಿದ್ದಾಗ, ಅಲ್ಲಿನ ಮೊದಲ ಶಾಲೆ ತೆರೆದವಳು ಅವಳೇ. ಆದರೆ ಅವಳ ಹೃದಯಕ್ಕೆ ಈ ಎತ್ತರದ ಗಾಳಿ ಒಗ್ಗಲಿಲ್ಲ. ಮಕ್ಕಳ ಜೊತೆ ಪೂರ್ವಕ್ಕೆ, ಆಮೇಲೆ ಇಂಗ್ಲೆಂಡಿಗೆ ಹೋದಳು. 1894ರಲ್ಲಿ ಅಲ್ಲೇ ತೀರಿಕೊಂಡಳು. ಊರು ಕಟ್ಟಿದವನಿಗೆ ಆ ಊರಲ್ಲಿ ಸಂಸಾರ ಮಾಡುವುದು ಆಗಲಿಲ್ಲ. ಆ ಕೋಣೆಗಳಲ್ಲಿ ನಡೆಯುವಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ. 1906ರಲ್ಲಿ ಕುದುರೆಯಿಂದ ಬಿದ್ದು ಅವನ ಬೆನ್ನುಹುರಿಗೆ ಪೆಟ್ಟಾಯಿತು. ಮಲಗಿದಲ್ಲೇ ಆದ. ಮರುವರ್ಷ ತನ್ನ ಹಳೆಯ ದಂಡಿನ ಇನ್ನೂರಕ್ಕೂ ಹೆಚ್ಚು ಮುದುಕ ಸೈನಿಕರನ್ನು ತನ್ನ ಖರ್ಚಿನಲ್ಲಿ ರೈಲಿನಲ್ಲಿ ಕರೆಸಿಕೊಂಡು ಇದೇ ಕಣಿವೆಯಲ್ಲಿ ಉಪಚಾರ ಮಾಡಿದ. 1909ರ ಮಾರ್ಚ್‌ನಲ್ಲಿ ತೀರಿಕೊಂಡ.

ಮಧ್ಯಾಹ್ನ ಮ್ಯಾನಿಟು ಸ್ಪ್ರಿಂಗ್ಸ್. ಪಾಮರ್ ತನ್ನ ಇಂಗ್ಲಿಷ್ ಗೆಳೆಯ ಡಾಕ್ಟರ್ ವಿಲಿಯಂ ಬೆಲ್ ಜೊತೆ ಸೇರಿ ಬೆಳೆಸಿದ ಊರು. ಬೀದಿ ಬದಿಯಲ್ಲೇ ಖನಿಜ ನೀರಿನ ಚಿಲುಮೆಗಳಿವೆ, ಒಂದೊಂದಕ್ಕೂ ಒಂದೊಂದು ರುಚಿ. ಲೋಟ ನೀವೇ ತೆಗೆದುಕೊಂಡು ಹೋಗಿ. ಒಂದು ಚಿಲುಮೆಯ ನೀರು ಗೋಲಿಸೋಡಾಕ್ಕೆ ತುಕ್ಕು ಮೊಳೆ ಅದ್ದಿದ ಹಾಗಿತ್ತು. ಅಕ್ಕ ಒಂದು ಗುಟುಕಿಗೇ ಮುಖ ಕಿವುಚಿದಳು. ಭಾವ ಬಾಟಲಿ ತುಂಬಿಸಿಕೊಂಡರು. ಈ ಬೆಟ್ಟಗಳ ಮೂಲ ನಿವಾಸಿಗಳಾದ ಯೂಟ್ ಜನ ಈ ನೀರನ್ನು ಪವಿತ್ರವೆಂದು ತಲೆತಲಾಂತರದಿಂದ ಬಳಸುತ್ತಿದ್ದರು. ಇಲ್ಲಿಂದ ಬೆಟ್ಟ ಹತ್ತುವ ದಾರಿಗೆ ಇವತ್ತಿಗೂ ಯೂಟ್ ಪಾಸ್ ಅಂತಲೇ ಹೆಸರು.

ಭಾನುವಾರ: ರಾಯಲ್ ಗಾರ್ಜ್

ದಕ್ಷಿಣದ ಬೆಟ್ಟದಂಚಿನ ರಸ್ತೆ ಹಿಡಿದು ಕ್ಯಾನ್ಯನ್ ಸಿಟಿ ಕಡೆ ಹೋದೆವು. ದಾರಿಯಲ್ಲಿ ಪೆನ್‌ರೋಸ್ ಹತ್ತಿರ ಒಂದು ಘಾಟು ಮೂಗಿಗೆ ಬಡಿಯಿತು. ಅಕ್ಕ "ಮೆಣಸಿನಕಾಯಿ!" ಅಂತ ಕೂಗಿದಳು. ರಸ್ತೆ ಬದಿಯ ಅಂಗಡಿಯಲ್ಲಿ ತಂತಿಯ ದೊಡ್ಡ ಪೀಪಾಯಿ ತಿರುಗುತ್ತಿತ್ತು. ಕೆಳಗೆ ಗ್ಯಾಸ್ ಜ್ವಾಲೆ ಭುಸುಗುಡುತ್ತಿತ್ತು, ಒಳಗೆ ಪ್ವೆಬ್ಲೊದ ದಪ್ಪ ಹಸಿಮೆಣಸು. ಸಿಪ್ಪೆ ಕಪ್ಪಾಗಿ ಸಿಡಿಯುತ್ತಿತ್ತು, ಒಣ ಚೂರುಗಳು ಜಾಲರಿಯಿಂದ ಉದುರುತ್ತಿದ್ದವು. ಅಂಗಡಿಯವನು ಬಿಸಿ ಮೆಣಸನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಬಾಯಿ ಕಟ್ಟಿದ. "ಹತ್ತು ನಿಮಿಷ ಹೀಗೇ ಬಿಡಿ, ಸಿಪ್ಪೆ ತಾನಾಗಿ ಬಿಡುತ್ತೆ" ಅಂದ. ಮರದ ಕೆಳಗೆ ಕೂತು ಸಿಪ್ಪೆ ಸುಲಿದು, ಉಪ್ಪು ಹಾಕಿ, ಚಪಾತಿಗೆ ಸುತ್ತಿ ತಿಂದೆವು. ಈ ಪ್ರವಾಸದಲ್ಲಿ ಅಷ್ಟು ರುಚಿಯಾದ ಊಟ ಮತ್ತೆ ಸಿಗಲಿಲ್ಲ.

ಕ್ಯಾನ್ಯನ್ ಸಿಟಿಯಿಂದ ರೈಲು ಆರ್ಕನ್ಸಾ ನದಿಯ ಪಕ್ಕದಲ್ಲೇ ಕೊರಕಲಿನೊಳಗೆ ಹೋಗುತ್ತದೆ. ತೆರೆದ ಬೋಗಿ ಇದೆ, ಅಲ್ಲೇ ನಿಲ್ಲಿ. ಒಂದು ಕಡೆ ಕೊರಕಲಿನ ಅಗಲ 30 ಅಡಿಗೆ ಇಳಿಯುತ್ತದೆ. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಪೂರಾ ನದಿ, ಹಳಿಗೆ ಜಾಗವೇ ಇಲ್ಲ. 1879ರಲ್ಲಿ ಬಂಡೆಗಳ ನಡುವೆ ಉಕ್ಕಿನ ತೊಲೆ ಕೊಟ್ಟು, ಅದಕ್ಕೆ ಸೇತುವೆಯನ್ನು ತೂಗುಹಾಕಿದರು. ರೈಲು ಅದರ ಮೇಲೆ ನಿಧಾನ ಹೋಗುವಾಗ ಕೈ ಚಾಚಿದರೆ ಬಂಡೆ ಸಿಗುವಷ್ಟು ಹತ್ತಿರ.

ಒಂದೇ ಹಳಿಗೆ ಜಾಗವಿದ್ದ ಈ ಕೊರಕಲಿಗಾಗಿ ಎರಡು ಕಂಪನಿಗಳು ಬಂದೂಕು ಹಿಡಿದವು. ಮೇಲೆ ಲೆಡ್‌ವಿಲ್‌ನಲ್ಲಿ ಬೆಳ್ಳಿ ಸಿಕ್ಕಿತ್ತು. 1878ರಲ್ಲಿ ಪಾಮರ್ ಕಂಪನಿಯೂ ಸಾಂಟಾ ಫೆ ಎಂಬ ಇನ್ನೊಂದು ರೈಲು ಕಂಪನಿಯೂ ಒಟ್ಟಿಗೆ ಇಲ್ಲಿಗೆ ಆಳುಗಳನ್ನು ಓಡಿಸಿದವು. ಪಾಮರ್ ಜನ ಮೇಲಿನಿಂದ ಕಲ್ಲಿನ ಕೋಟೆ ಕಟ್ಟಿ ಕಾದರು. ಸಾಂಟಾ ಫೆಯವರು ಡಾಡ್ಜ್ ಸಿಟಿಯಿಂದ ಬ್ಯಾಟ್ ಮಾಸ್ಟರ್‌ಸನ್ ಎಂಬ ಹೆಸರಾಂತ ಬಂದೂಕುಗಾರನನ್ನು ಕರೆಸಿದರು. ಕ್ಯಾನ್ಯನ್ ಸಿಟಿಯ ಜನ ಸಾಂಟಾ ಫೆ ಪರ. ಅದಕ್ಕೆ ಕಾರಣವಿತ್ತು. ಪಾಮರ್ ಕಂಪನಿ ಊರಿನವರಿಂದ ಹಣ ಬೇಕೆಂದು ಹಠ ಹಿಡಿದು, ಊರಿಗೆ ಮುಟ್ಟುವ ಮೊದಲೇ ಹಳಿ ನಿಲ್ಲಿಸಿತ್ತು. ಪ್ವೆಬ್ಲೊದಲ್ಲಿ ನದಿಯಾಚೆ ಸೌತ್ ಪ್ವೆಬ್ಲೊ ಅಂತ ತನ್ನದೇ ಊರು ಮಾಡಿತು. ಕೊಲರಾಡೊದ ದಕ್ಷಿಣದಲ್ಲಿರುವ ಟ್ರಿನಿಡಾಡ್ ಎಂಬ ಊರಿನವರಿಗೆ ಸಿಟ್ಟು ಬರುವ ಹಾಗೆ 1876ರಲ್ಲಿ ಕೆಲವು ಮೈಲಿ ಮೊದಲೇ ಎಲ್ ಮೊರೊ ಅಂತ ಊರು ಹುಟ್ಟಿಸಿತು. ಜಮೀನು ಮೊದಲು ಅಗ್ಗಕ್ಕೆ ಕೊಳ್ಳುವುದು, ನಿಲ್ದಾಣ ಅಲ್ಲೇ ಇಡುವುದು, ಆಮೇಲೆ ಸೈಟು ಮಾರುವುದು. ಹಳಿಯಿಂದ ಬರುವ ದುಡ್ಡಿಗಿಂತ ಇದು ಬೇಗ ಕೈಸೇರುತ್ತಿತ್ತು. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಗಿಡ ನೆಟ್ಟ ಕೈಯೇ ಇದನ್ನೂ ಮಾಡಿತು. ಹಳೆಯ ಊರಲ್ಲಿ ಅಂಗಡಿ ಇಟ್ಟು ಕೂತವನ ಕಡೆಯಿಂದ ನೋಡಿದರೆ ಇದು ಅನ್ಯಾಯವೇ. ನನಗೆ ಅದರಲ್ಲಿ ಅನುಮಾನವಿಲ್ಲ.

ಕೋರ್ಟು, ಬಂದೂಕು ಎಲ್ಲ ಮುಗಿದು 1880ರಲ್ಲಿ ಬಾಸ್ಟನ್‌ನಲ್ಲಿ ರಾಜಿಯಾಯಿತು. ಕೊರಕಲು ಪಾಮರ್‌ಗೆ ಸಿಕ್ಕಿತು, ದಕ್ಷಿಣದ ದಾರಿ ತಪ್ಪಿತು. ಮೆಕ್ಸಿಕೊ ಕನಸು ಬಿಟ್ಟು ಅವನ ಹಳಿ ಪಶ್ಚಿಮದ ಬೆಟ್ಟಕ್ಕೆ, ಬೆಳ್ಳಿಯ ಗಣಿಗಳಿಗೆ ತಿರುಗಿತು. ನಾವೂ ಆ ಕಡೆಗೇ ಹೊರಟೆವು. ರಾತ್ರಿ ಸಲೈಡದಲ್ಲಿ ತಂಗಿದೆವು. ಅದೂ ಇದೇ ರೈಲು ಹುಟ್ಟಿಸಿದ ಊರು.

ಸೋಮವಾರ: ಸಾನ್ ಲೂಯಿ ಬಯಲು ದಾಟಿ

ಪಾಂಚಾ ಪಾಸ್ ಇಳಿದರೆ ಸಾನ್ ಲೂಯಿ ಕಣಿವೆ. ಕಣಿವೆ ಅಂದರೂ ನೋಡುವುದಕ್ಕೆ ಬಯಲೇ. ರಸ್ತೆ ಗೆರೆ ಎಳೆದಷ್ಟು ನೇರ, ಎದುರಿಂದ ಬರುವ ಲಾರಿ ಬಹಳ ಹೊತ್ತು ಚುಕ್ಕೆಯಾಗಿಯೇ ಇರುತ್ತದೆ. ಇಂಥ ರಸ್ತೆಯಲ್ಲಿ ಟೈರು ಪಂಕ್ಚರ್ ಆಯಿತು. ಫೋನಿಗೆ ಸಿಗ್ನಲ್ ಇಲ್ಲ. ಈ ಕಡೆ ಬರುವವರು ಪೆಟ್ರೋಲ್ ತುಂಬಿಸಿ, ಸ್ಟೆಪ್ನಿಗೆ ಗಾಳಿ ನೋಡಿಕೊಂಡೇ ಹೊರಡಿ. ಭಾವ ಜಾಕ್ ಎತ್ತುವಷ್ಟರಲ್ಲಿ ಆಲೂಗಡ್ಡೆ ಮೂಟೆ ತುಂಬಿದ ಪಿಕಪ್ ಒಂದು ಹಿಂದೆ ಬಂದು ನಿಂತಿತು. ಇಳಿದವರು ಅರವತ್ತು ದಾಟಿದ ರೈತರು. ಮಾತಾಡುತ್ತಲೇ ನಟ್ಟು ಬಿಚ್ಚಿದರು.

ನಾವು ರೈಲಿನ ಜಾಡು ಹಿಡಿದು ಹೊರಟಿದ್ದೇವೆ ಅಂದದ್ದಕ್ಕೆ ಅವರಿಗೆ ಖುಷಿಯೋ ಖುಷಿ. "ಅಲಮೋಸ ಊರು ಬಂದದ್ದೇ ರೈಲಲ್ಲಿ, ಗೊತ್ತಾ?" ಅಂದರು. 1878ರಲ್ಲಿ ಹಳಿ ಮುಂದಕ್ಕೆ ಹೋದಾಗ, ಗಾರ್ಲೆಂಡ್ ಸಿಟಿ ಎಂಬ ಕೊನೆಯ ನಿಲ್ದಾಣದ ಊರಿನ ಮರದ ಮನೆಗಳನ್ನೇ ಬಿಚ್ಚಿ, ಎತ್ತಿ, ಸರಕು ಬೋಗಿಗಳ ಮೇಲಿಟ್ಟು ಅಲಮೋಸಕ್ಕೆ ತಂದರು. ಒಂದು ಹೋಟೆಲ್ ಅಂತೂ ಬೆಳಗಿನ ತಿಂಡಿ ಅಲ್ಲಿ ಬಡಿಸಿ, ರಾತ್ರಿ ಊಟ ಇಲ್ಲಿ ಬಡಿಸಿತು ಅನ್ನುವುದು ಇಲ್ಲಿನವರು ಹೇಳುವ ಕಥೆ. "ಗಾರ್ಲೆಂಡ್ ಸಿಟಿ ಈಗ ಹೇಗಿದೆ?" ಅಂದೆ. ಅವರು ಸುತ್ತಲಿನ ಬಯಲನ್ನು ತೋರಿಸಿ, "ಹೀಗಿದೆ" ಅಂದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಅಕ್ಕ ಕೊಟ್ಟ ಚಪಾತಿ, ಸುಟ್ಟ ಮೆಣಸು ಮಾತ್ರ ತಗೊಂಡರು. ಬದಲಿಗೆ ಒಂದು ಚೀಲ ಆಲೂಗಡ್ಡೆ ಕೊಟ್ಟರು.

ಅಲಮೋಸದಲ್ಲಿ ಟೈರು ಸರಿಮಾಡಿಸಿ, 10,857 ಅಡಿ ಎತ್ತರದ ವುಲ್ಫ್ ಕ್ರೀಕ್ ಪಾಸ್ ಹತ್ತಿದೆವು. ಆಸ್ಪೆನ್ ಮರಗಳು ಹಳದಿ ಬಿದ್ದು ಇಡೀ ಇಳಿಜಾರು ಹೊಳೆಯುತ್ತಿತ್ತು. ತುದಿಯಲ್ಲಿ ಏಕಾಏಕಿ ಆಲಿಕಲ್ಲು. ಅಕ್ಕನಿಗೆ ಎತ್ತರಕ್ಕೆ ತಲೆನೋವು ಶುರುವಾಯಿತು. ನೀರು ಜಾಸ್ತಿ ಕುಡಿಯುತ್ತಿರಬೇಕು, ಹೆಚ್ಚಾದರೆ ಕೆಳಕ್ಕೆ ಇಳಿಯಬೇಕು. ಡುರಾಂಗೊ ಸೇರುವಾಗ ಕತ್ತಲಾಗಿತ್ತು.

ಮಂಗಳವಾರ: ಸಿಲ್ವರ್ಟನ್ ರೈಲು

ಬೆಳಿಗ್ಗೆ ನಿಲ್ದಾಣದಲ್ಲಿ ಹಬೆ ಎಂಜಿನ್ ನೋಡಿ ಭಾವ ಮಾತೇ ಮರೆತರು. 1920ರ ದಶಕದ ಎಂಜಿನ್, 3 ಅಡಿಯ ಅದೇ ಹಳಿ. ಹೋಗುವಾಗ ಬಲಗಡೆಯ ಸೀಟು ಕೇಳಿ ತೆಗೆದುಕೊಳ್ಳಿ, ಕಣಿವೆ ಕಾಣುವುದು ಆ ಕಡೆ. ಸ್ವೆಟರ್ ಮರೆಯಬೇಡಿ.

ಡುರಾಂಗೊದಿಂದ ಸಿಲ್ವರ್ಟನ್‌ಗೆ 45 ಮೈಲಿ, ಮೂರೂವರೆ ಗಂಟೆ. 1882ರ ಜುಲೈಗೆ ಹಳಿ ಮುಗಿಯಿತು, ಚಳಿಗಾಲದಲ್ಲೂ ಕೆಲಸ ನಿಲ್ಲಿಸದೆ. ರಾಕ್‌ವುಡ್ ದಾಟಿದ ಮೇಲೆ ಎಂಜಿನ್ ನಡಿಗೆಯ ವೇಗಕ್ಕೆ ಇಳಿಯಿತು. ಕಡಿದಾದ ಬಂಡೆಯನ್ನು ಸಿಡಿಸಿ ಮಾಡಿದ ಚೂರು ಜಾಗದಲ್ಲಿ ಹಳಿ. ಕಿಟಕಿಯಿಂದ ಬಗ್ಗಿದರೆ ಹಳಿಯ ತುದಿಯೂ ಕಾಣುವುದಿಲ್ಲ, ನೇರ ಕೆಳಗೆ ಸುಮಾರು 400 ಅಡಿಯಲ್ಲಿ ಆನಿಮಸ್ ನದಿ, ಹಸಿರು ನೀರು. ತಿರುವಿನಲ್ಲಿ ಮುಂದಿನ ಬೋಗಿಗಳು ಬಂಡೆ ಸವರಿಕೊಂಡು ಹೋಗುತ್ತವೆ. ಅಲ್ಲಿ ಸುತ್ತಿಗೆ ಹಿಡಿದು ಹಗ್ಗದಲ್ಲಿ ನೇತಾಡಿದವರ ಹೆಸರು ಯಾವ ನಿಲ್ದಾಣದಲ್ಲೂ ಇಲ್ಲ. ಇರಬೇಕಿತ್ತು.

ಸಿಲ್ವರ್ಟನ್ 9,318 ಅಡಿ ಎತ್ತರದಲ್ಲಿದೆ. ತಿರುಗಾಡಲು ಎರಡು ಗಂಟೆ ಕೊಡುತ್ತಾರೆ. ಹೋಟೆಲುಗಳು ತುಂಬಿರುತ್ತವೆ, ನಾವು ಪುಳಿಯೋಗರೆ ತಿಂದು ಬಚಾವಾದೆವು. ಎಂಜಿನ್ ಪಕ್ಕ ನಿಂತಿದ್ದ, ಅದರ ಒಲೆಯ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಹತ್ತಿರ ಭಾವ ಹೋಗಿ ಮಾತಿಗಿಳಿದರು. ಮೊದಲು ಒಂದು ಪ್ರಯಾಣಕ್ಕೆ ಟನ್‌ಗಟ್ಟಲೆ ಕಲ್ಲಿದ್ದಲು ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದರಂತೆ. 2018ರಲ್ಲಿ ಈ ಕಣಿವೆಯಲ್ಲಿ ದೊಡ್ಡ ಕಾಳ್ಗಿಚ್ಚು ಎದ್ದಿತು. ಆಮೇಲೆ ಎಂಜಿನ್‌ಗಳನ್ನು ಎಣ್ಣೆಗೆ ಬದಲಾಯಿಸುತ್ತ ಬಂದರು. "ಬೆನ್ನಿಗೆ ಆರಾಮ, ಆದ್ರೆ ಆ ವಾಸನೆ ಇಲ್ಲ" ಅಂದ. ಊರಂಚಿನ ಹೊಳೆಗಳ ಕಲ್ಲುಗಳು ಕಿತ್ತಳೆ ಬಣ್ಣಕ್ಕೆ ತಿರುಗಿವೆ. 2015ರ ಆಗಸ್ಟ್‌ನಲ್ಲಿ ಹಳೆಯ ಗೋಲ್ಡ್ ಕಿಂಗ್ ಗಣಿಯಿಂದ 30 ಲಕ್ಷ ಗ್ಯಾಲನ್ ವಿಷನೀರು ನುಗ್ಗಿ ಆನಿಮಸ್ ಡುರಾಂಗೊವರೆಗೂ ಸಾಸಿವೆ ಬಣ್ಣಕ್ಕೆ ತಿರುಗಿತ್ತು. ಗಣಿ ಮುಚ್ಚಿದರೂ ನದಿಗೆ ಬಿಡುಗಡೆ ಸಿಕ್ಕಿಲ್ಲ.

ವಾಪಸ್ ಬಸ್ಸಿನಲ್ಲಿ ಬಂದೆವು. ಅರ್ಧದಷ್ಟೂ ಹೊತ್ತು ಹಿಡಿಯುವುದಿಲ್ಲ, ಮಕ್ಕಳಿದ್ದರೆ ಅದೇ ಒಳ್ಳೆಯದು.

ಬುಧವಾರ: ಆನಿಮಸ್ ಸಿಟಿ ಮತ್ತು ಮನೆ ದಾರಿ

ಡುರಾಂಗೊದ ಮೇನ್ ಅವೆನ್ಯೂದಲ್ಲಿ ಕೆಂಪು ಇಟ್ಟಿಗೆಯ ಸ್ಟ್ರೇಟರ್ ಹೋಟೆಲ್ ಇದೆ, 1887ರದ್ದು. ಎಲ್ಲರೂ ಅಲ್ಲಿ ಫೋಟೊ ತೆಗೆಯುತ್ತಾರೆ. ನನಗೆ ನೋಡಬೇಕಾಗಿದ್ದದ್ದು ಅದರ ಉತ್ತರಕ್ಕೆ ಎರಡು ಮೈಲಿ ದೂರದ ಆನಿಮಸ್ ಸಿಟಿ. 1880ರಲ್ಲಿ ಅದೇ ಊರು, ಡುರಾಂಗೊ ಇರಲಿಲ್ಲ. ರೈಲು ಕಂಪನಿಯ ಷರತ್ತುಗಳಿಗೆ ಅಲ್ಲಿನವರು ಒಪ್ಪಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿ ಕೆಳಗೆ ಬಂದು ಡುರಾಂಗೊದ ಗೂಟ ಹೊಡೆಯಿತು. ಮರುವರ್ಷ ಬೇಸಿಗೆಗೆ ರೈಲು ಬರುವಷ್ಟರಲ್ಲಿ ಅಂಗಡಿಗಳು, ಜನ, ಎಲ್ಲ ಕೆಳಕ್ಕೆ ಸರಿದಿದ್ದರು.

ಈಗ ಅಲ್ಲಿ ಮನೆಗಳು, ಒಂದು ಶಾಲೆ, ಪೆಟ್ರೋಲ್ ಬಂಕು. ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸಿದೆವು. "ನಮ್ಮಜ್ಜ ಸಾಯೋ ತನಕ ತಾನು ಆನಿಮಸ್ ಸಿಟಿಯವನು ಅಂತಲೇ ಹೇಳ್ತಿದ್ರು. ಡುರಾಂಗೊಗೆ ಹೋಗ್ಬೇಕಾದ್ರೆ ಪೇಟೆಗೆ ಹೋಗಿ ಬರ್ತೀನಿ ಅಂತಿದ್ರು" ಅಂದರು. ಹಿತ್ತಲಿನ ಸೇಬು ತಂದು ಹುಡುಗಿಯ ಕೈಗಿಟ್ಟರು.

ಹಿಂದಿರುಗುವಾಗ ಇಗ್ನೇಶಿಯೊದಲ್ಲಿರುವ ದಕ್ಷಿಣ ಯೂಟ್ ಬುಡಕಟ್ಟಿನ ಮ್ಯೂಸಿಯಂಗೆ ಹೋದೆವು. ನಾವು ರೈಲಿನಲ್ಲಿ ಹತ್ತಿದ ಬೆಟ್ಟಗಳೆಲ್ಲ ಅವರವು. 1873ರ ಒಪ್ಪಂದದಲ್ಲಿ ಸುಮಾರು 37 ಲಕ್ಷ ಎಕರೆ ಅವರ ಕೈತಪ್ಪಿತು. ಅದಾಗಿ ಒಂಬತ್ತು ವರ್ಷಕ್ಕೆ ಸಿಲ್ವರ್ಟನ್‌ಗೆ ರೈಲು. ಹಳೆಯ ಊರಿನವರಿಗಾದರೂ ಕಂಪನಿ ಒಂದು ಮಾತು ಕೇಳಿತ್ತು. ಇವರನ್ನು ಕೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಪಾಮರ್ ಕಥೆ ಕೇಳಲು ಈ ಕಡೆ ಬರುವವರು ಈ ಮ್ಯೂಸಿಯಂ ಬಿಟ್ಟು ಹೋಗಬಾರದು.

ಅಲ್ಲಿಂದ ಚಾಮಾ. ಅಲಮೋಸದಿಂದ ಡುರಾಂಗೊಗೆ ಬರುತ್ತಿದ್ದ ಪಾಮರ್ ಹಳಿಯನ್ನು 1960ರ ದಶಕದ ಕೊನೆಗೆ ಮುಚ್ಚಿ ಕಿತ್ತುಹಾಕಲು ಹೊರಟಾಗ, ಕೊಲರಾಡೊ ಮತ್ತು ನ್ಯೂ ಮೆಕ್ಸಿಕೊ ಎರಡೂ ರಾಜ್ಯಗಳು ಸೇರಿ 1970ರಲ್ಲಿ 64 ಮೈಲಿ ಉಳಿಸಿಕೊಂಡವು. ಚಾಮಾದಿಂದ ಅಂತೋನಿಟೊವರೆಗೆ ಅಲ್ಲೂ ಹಬೆ ರೈಲು ಓಡುತ್ತದೆ. ಅವತ್ತಿನ ರೈಲು ಹೊರಟುಹೋಗಿತ್ತು. ಯಾರ್ಡಿನಲ್ಲಿ ಓಡಾಡಿ ಎಂಜಿನ್‌ಗಳನ್ನು ನೋಡಿದೆವು, ಯಾರೂ ತಡೆಯಲಿಲ್ಲ. ಭಾವ ಮುಂದಿನ ಬೇಸಿಗೆಯ ವೇಳಾಪಟ್ಟಿ ಕೇಳಿ ಬರೆದುಕೊಂಡರು. ಅಕ್ಕ ಮಾತ್ರ, ಅಷ್ಟು ಎತ್ತರಕ್ಕೆ ಇನ್ನೊಂದು ಸಲ ಕರೆದುಕೊಂಡು ಹೋಗುವುದಾದರೆ ಪೆನ್‌ರೋಸ್‌ನಲ್ಲಿ ಎರಡು ಚೀಲ ಮೆಣಸು ಕೊಡಿಸಬೇಕು ಅಂತ ಈಗಲೇ ಹೇಳಿಟ್ಟಿದ್ದಾಳೆ.